ಬೆನ್ನು ತಿರುಗಿಸಿ ನಿಲ್ಲುವವರು

ಶಿವಶರಣಪ್ಪ ಕಾಕಾ ತಮ್ಮ ಗಪ್ಪಿ ಮೀನುಗಳಿಗೆ ಎರಡು ಕಂತಿನಲ್ಲಿ ಊಟ ಹಾಕುತ್ತಿದ್ದರು. ಮೊದಲ ಚಿಟಿಕೆ ಗಾಜಿನ ತೊಟ್ಟಿಯ ಈ ಮೂಲೆಗೆ. ಮುನ್ನುಗ್ಗುವವೆಲ್ಲ ಅಲ್ಲಿ ಮುಗಿಬಿದ್ದಾಗ ಎರಡನೆಯದು ಸದ್ದಿಲ್ಲದೆ ಆ ಮೂಲೆಯ ಗಿಡದ ಬಳಿಗೆ. ಆಮೇಲೆ ತೊಟ್ಟಿಗೆ ಬೆನ್ನು ಮಾಡಿ ನಿಂತುಬಿಡುತ್ತಿದ್ದರು, ಬಚ್ಚಲಮನೆಯ ಬಾಗಿಲು ಕಾಯುವವರಂತೆ.

ಬಾಗಲಕೋಟೆ ಕಡೆಯವರು. ಈ ತೆಲುಗು ಊರಿಗೆ ಬಂದು, ನಾರಾಯಣಗೂಡದ ಕಾಲೇಜೊಂದರ ಪ್ರಾಣಿಶಾಸ್ತ್ರದ ಲ್ಯಾಬಿನಲ್ಲಿ ಅಟೆಂಡರ್ ಆಗಿ ನಿವೃತ್ತರಾಗಿ, ನಮ್ಮ ಕೆಳಗಿನ ಮನೆಯಲ್ಲಿದ್ದರು. ನನಗೆ ಬಿ.ಪಿ. ಬಂದಾಗ, ಮೀನು ನೋಡುತ್ತ ಕೂತರೆ ಮನಸ್ಸು ಶಾಂತವಾಗುತ್ತದೆ ಎಂದು ಯಾರೋ ಹೇಳಿದರು. ಕಾಕಾ ಆರು ಗಪ್ಪಿ ಕೊಟ್ಟರು. ಇದ್ದ ಚಿಂತೆಗಳ ಜೊತೆಗೆ ಆರು ಸೇರಿದವು.

ಅದರಲ್ಲೂ ಬಾಲದ ಮೇಲೆ ಕಪ್ಪು ಚುಕ್ಕೆಯಿದ್ದ ಒಂದು. ಉಳಿದ ಐದು ಮದುವೆಮನೆಯ ಮೊದಲ ಪಂಕ್ತಿಗೆ ನುಗ್ಗುವವರಂತೆ ಎರಗಿದರೆ, ಇದು ಗಿಡದ ಹಿಂದೆಯೇ. ಗಾಜಿಗೆ ಮೂಗು ಒತ್ತಿ ಕಾದೆ. ಬೆರಳಿನಿಂದ ಕುಟ್ಟಿದೆ. ಕೊನೆಗೆ ಬರಣಿಯೊಂದಕ್ಕೆ ಹಾಕಿ, ಅದಕ್ಕಷ್ಟೇ ಬೇರೆ ಎಲೆ ಹಾಕಿ ಬಡಿಸಿದ ಹಾಗೆ ಊಟ ಕೊಟ್ಟೆ. ಎರಡು ದಿನ ಮುಟ್ಟಲಿಲ್ಲ. ನೀರು ಮಾತ್ರ ಕದಡಿತು. ಬರಣಿ ಹಿಡಿದು ಕೆಳಗೆ ಓಡಿದೆ.

"ಕಾಕಾ, ಇದು ಸಾಯ್ತೈತ್ರಿ. ಏನೂ ತಿನ್ನವಲ್ದು."

"ಸಾಯಂಗಿಲ್ಲೋ ತಮ್ಮಾ, ನಾಚಾಕತ್ತೈತಿ. ಒಂದೊಂದರ ಸ್ವಭಾವ ಒಂದೊಂದು ನಮೂನಿ. ನಿನ್ನಂಥ ಮಾರಿ ಎದುರಿಗೆ ಬಂದು ಕುಂತ್ರ ನನಗೂ ರೊಟ್ಟಿ ಇಳಿಯಂಗಿಲ್ಲ. ಅವುಗಳ ಜೋಡಿನ ಬಿಡು. ಎರಡನೇ ಚಿಟಿಕಿ ಹಾಕು, ಆ ಕಡೆ ತಿರುಗು."

ಹಾಗೇ ಮಾಡಿದೆ. ಕಪಾಟಿನ ಕನ್ನಡಿಯಲ್ಲಿ ಕದ್ದು ನೋಡಿದ್ದನ್ನು ಒಪ್ಪಿಕೊಳ್ಳುತ್ತೇನೆ. ಮೂರನೆಯ ದಿನ ಕಪ್ಪುಚುಕ್ಕೆ ಹೊರಬಂತು, ಒಂದು ಕಣ ನುಂಗಿತು, ಮತ್ತೆ ಗಿಡದ ಹಿಂದಕ್ಕೆ ಸರಿಯಿತು.

ಕಾಕಾ ತೀರಿಕೊಳ್ಳುವ ಹಿಂದಿನ ವಾರ ಅವರ ಸೊಸೆ ನನ್ನನ್ನು ಕರೆದಳು. "ಮೂರು ದಿನ ಆತ್ರಿ ಅಣ್ಣಾರ, ಹೊಟ್ಟಿಗಿ ಏನೂ ತಗೊಂಡಿಲ್ಲ. ಇವತ್ತೂ ತಿನ್ನಲಿಲ್ಲಂದ್ರ ದವಾಖಾನಿಗೆ ಒಯ್ಯಬೇಕಂತ. ಅವರು ಒಲ್ಲೆ ಅಂತಾರ." ಹಾಸಿಗೆಯ ಸುತ್ತ ನೆಂಟರು. "ಒಂದ ತುತ್ತು ತಿನ್ರಿ." ಪಕ್ಕದ ಮನೆಯಾಕೆ ತೆಲುಗಿನಲ್ಲಿ, "ಕೊಂಚೆಂ ತಿನಂಡಿ." ನಾನೂ ಬಗ್ಗಿ ಮುಖ ತೂರಿಸಿದೆ. ಕಾಕಾ ನಡುಗುವ ಬಲಗೈಯನ್ನು ಮೆಲ್ಲಗೆ ಚಾದರದೊಳಗೆ ಎಳೆದುಕೊಂಡರು.

ಚಹಾದ ನೆಪ ಮಾಡಿ ಎಲ್ಲರನ್ನೂ ಹೊರಗೆ ಕಳಿಸಿದೆ. ಗಂಜಿಯ ಬಟ್ಟಲನ್ನು ಅವರ ಕೈಗೆಟಕುವಲ್ಲಿ ಇಟ್ಟು, ಕಿಟಕಿಯ ಕಡೆ ತಿರುಗಿ ನಿಂತೆ. ಈ ಸಲ ಕನ್ನಡಿ ಹುಡುಕಲಿಲ್ಲ. ಬಹಳ ಹೊತ್ತಿನ ಮೇಲೆ ಬಟ್ಟಲಿಗೆ ಚಮಚ ತಾಗಿದ ಸದ್ದು. ಮತ್ತೊಮ್ಮೆ. ಗಂಜಿ ಚೆಲ್ಲಿದ ಸದ್ದೂ ಬಂತು, ತಿರುಗಲಿಲ್ಲ.

"ತಮ್ಮಾ."

"ರೀ ಕಾಕಾ."

"ಹಂಗ ನಿಂದ್ರು. ಇನ್ನೂ ಅರ್ಧ ಐತಿ."