ಫಾಯಿಲ್ ಸುತ್ತಿದ ಸೀಸೆ

ಮುಸ್ಸಂಜೆ ಟ್ಯೂಬ್‌ಲೈಟ್ ಹಾಕಿದೊಡನೆ ಅದಕ್ಕೆ ಕೈಮುಗಿಯುವ ಅಭ್ಯಾಸ ನಿಮ್ಮ ಮನೆಯಲ್ಲೂ ಇರಬಹುದು. ನಮ್ಮಲ್ಲಿ ನನ್ನ ಹೆಂಡತಿ ಈ ಗೌರವವನ್ನು ತಪ್ಪದೆ ಸಲ್ಲಿಸುತ್ತಾಳೆ. ಅದು ಮಿಟುಕಿ ಮಿಟುಕಿ ಸತಾಯಿಸಿದರೆ ಹತ್ತುವವರೆಗೂ ಕೈ ಇಳಿಸದೆ ಕಾಯುತ್ತಾಳೆ. ಬೆಳಕಿನ ಹೆಸರಿನಲ್ಲೇ ಸಂಬಳ ಎಣಿಸುವ ನಾನು ಮಾತ್ರ ಒಂದು ದಿನವೂ ಕೈಮುಗಿದವನಲ್ಲ. ಕಾರಣವಿಷ್ಟೆ, ಮಿತ್ರರೇ: ಬೆಳಕಿನ ಸಂಶೋಧನೆ ನಡೆಯುವುದು ಕತ್ತಲೆಯಲ್ಲಿ. ಚೆನ್ನೈಯ ಸೂರ್ಯ ಊರಿಗೆಲ್ಲ ಧಾರಾಳವಾಗಿ ಬೆಳಕು ಹಂಚುತ್ತಿರುವಾಗ ನಾವು ಕಿಟಕಿಗೆ ಕಪ್ಪು ಕಾಗದ ಅಂಟಿಸಿ, ಮಂಕು ಕೆಂಪು ಬಲ್ಬಿನ ಕೆಳಗೆ ಒಬ್ಬರ ಕಾಲು ಒಬ್ಬರು ತುಳಿಯುತ್ತ ಅದನ್ನು ಅಧ್ಯಯನ ಮಾಡುತ್ತೇವೆ.

ಹರೆಯದಲ್ಲಿ ನಾನು ಬೆಳಕು ಬಿದ್ದರೆ ಅಣುಗಳು ಹೇಗೆ ಬದಲಾಗುತ್ತವೆಂದು ನೋಡುತ್ತಿದ್ದೆ; ನಡುವಯಸ್ಸಿನಲ್ಲಿ ಕೂದಲೆಳೆಯಂಥ ಗಾಜಿನ ತಂತುವಿನೊಳಗೆ ಬೆಳಕನ್ನು ಓಡಿಸತೊಡಗಿದೆ. ನನ್ನ ವಿದ್ಯಾರ್ಥಿನಿ ವಸುಧಾ ಈ ಎರಡನ್ನೂ ಗಂಟುಹಾಕಿದಳು. ತಾನೇ ತಯಾರಿಸಿದ ಹಳದಿ ದ್ರಾವಣವನ್ನು ತಂತುವಿನ ತುದಿಗೆ ಸವರಿ, ಮೊದಲ ಬೆಳಕು ತಾಕಿದ ಗಳಿಗೆಯಲ್ಲಿ ಅದಕ್ಕೇನಾಗುತ್ತದೆಂದು ಅಳೆಯುವುದು ಅವಳ ಪಿಎಚ್‌ಡಿ. ಆ ದ್ರಾವಣಕ್ಕೆ ಮಂಕು ಕೆಂಪು ಬೆಳಕು ಏನೂ ಮಾಡದು; ಬೇರೆ ಬೆಳಕು ಒಮ್ಮೆ ಕಂಡರೆ ಮುಗಿಯಿತು, ಮತ್ತೆ ಮೊದಲಿನಂತಾಗದು. ಹಾಗಾಗಿ ಚಪಾತಿ ಸುತ್ತುವ ಫಾಯಿಲನ್ನು ಸೀಸೆಗೆ ಸುತ್ತಿ, ಕೈಕೂಸಿನಂತೆ ಕಾಪಾಡುತ್ತಿದ್ದಳು.

ನಾಳೆ ಅಳತೆ ಎನ್ನುವ ದಿನ ಸಂಜೆ ಚೆನ್ನೈಯಂಚಿನ ಅಂಬತ್ತೂರಿನಿಂದ ಅವಳ ತಾಯಿ ಸರೋಜಮ್ಮ ಬಂದರು; ಅಲ್ಲೇ ನೆಲೆಸಿದ ಕನ್ನಡದ ಮನೆಯವರು. ಮಗಳಿಗೆ ಮೈಸೂರಿನ ಗಂಡು ಗೊತ್ತಾಗಿತ್ತು, ಗಂಡಿನ ಕಡೆಯವರಿಗೆ ಅವಸರ. ಓದಿದ್ದು ಸಾಕು, ಹುಡುಗಿಯನ್ನು ಬಿಟ್ಟುಕೊಡಿ ಎಂದು ಕೇಳುವುದಕ್ಕೇ ಬಂದಿದ್ದರು.

"ಇಷ್ಟು ವರ್ಷದಿಂದ ಏನ್ ಮಾಡ್ತಾಳೆ ಅಂತ ನಮ್ಗೇ ಗೊತ್ತಿಲ್ಲ ಸಾರ್. ಕೇಳಿದ್ರೆ ತಮಿಳಲ್ಲಿ ಏನೋ ಹೇಳ್ತಾಳೆ."

ನ್ಯಾಯವಾದ ದೂರು. ನಮಗೆ ಅನುದಾನ ಕೊಡುವವರದೂ ಇದೇ ದೂರು, ತಮಿಳೊಂದನ್ನು ಬಿಟ್ಟು. ತೋರಿಸಿಯೇ ಬಿಡೋಣವೆಂದು ಅವರನ್ನು ಕತ್ತಲೆಕೋಣೆಗೆ ಕರೆದೊಯ್ದೆ. ಒಳಗೆ ಏನನ್ನೂ ಮುಟ್ಟಬೇಡಿ ಎಂದು ಬಾಗಿಲಲ್ಲೇ ಹೇಳಿದ್ದೆ. ಆದರೆ ಸ್ವಿಚ್ಚನ್ನು ಮುಟ್ಟುವುದನ್ನು ಯಾರು ಮುಟ್ಟುವುದೆಂದು ಲೆಕ್ಕಕ್ಕೆ ಹಿಡಿಯುತ್ತಾರೆ?

ವಸುಧಾ ಫಾಯಿಲ್ ಬಿಚ್ಚಿ ಸೀಸೆಯನ್ನು ಕೆಂಪು ಬಲ್ಬಿಗೆ ಹಿಡಿದು ನೋಡುತ್ತಿದ್ದಳು.

"ವಿಳಕ್ಕು ಹಚ್ಚೋ ಹೊತ್ತಲ್ಲಿ ಇದೇನೇ ಕತ್ಲೆ!" ಎಂದರು ತಾಯಿ.

"ಅಮ್ಮಾ, ಲೈಟ್ ಪೋಡಾದೇ, ಹಾಕ್ಬೇಡ!" ಎಂದು ಮಗಳು ಕೂಗುವಷ್ಟರಲ್ಲಿ ಅವರು ಸ್ವಿಚ್ ಹಾಕಿ, ಟ್ಯೂಬ್‌ಲೈಟಿಗೆ ಕೈಮುಗಿದು, ಕಣ್ಣಿಗೊತ್ತಿಕೊಂಡೂ ಆಗಿತ್ತು. ನಮ್ಮ ಮೂವರ ಕಣ್ಣೆದುರೇ ಹಳದಿ ದ್ರಾವಣ ದಟ್ಟ ನೀಲಿಯಾಯಿತು.

"ಎಷ್ಟು ಲಕ್ಷಣವಾಗಿದೆ! ಇದನ್ನ ನೀನೇ ಮಾಡಿದ್ದಾ?" ಎಂದರು ಸರೋಜಮ್ಮ, ನಿಜವಾದ ಸಂತೋಷದಿಂದ. ಮಗಳ ಕೆಲಸವನ್ನು ಅವರು ಹೊಗಳಿದ್ದು ಅದೇ ಮೊದಲು. ವಸುಧಾ ನೆಲಕ್ಕೆ ಕುಸಿದು ಅಳತೊಡಗಿದಳು. ನಾನು ಸಿಟ್ಟು ಮಾಡಿಕೊಳ್ಳೋಣವೆಂದರೆ ಯಾರ ಮೇಲೆ? ಸಂಜೆ ದೀಪ ಹಾಕುವುದು ತಪ್ಪೆಂದು ನಮ್ಮ ಕಡೆಯ ಯಾವ ತಾಯಿಗೆ ಹೇಳಲಾದೀತು? ಕೆಲಸ ಕೆಟ್ಟಿತು ಎನ್ನುವುದಕ್ಕೆ ವಿಜ್ಞಾನದಲ್ಲಿ ಬಹಳ ಮರ್ಯಾದೆಯ ಮಾತುಗಳಿವೆ. ಅವನ್ನೆಲ್ಲ ಬಳಸಿ ವಿವರಿಸಿದೆ. ಅವರಿಗೆ ಮೊದಲ ವಾಕ್ಯಕ್ಕೇ ಅರ್ಥವಾಯಿತು.

"ಮತ್ತೆ ಮಾಡೋಕೆ ಎಷ್ಟು ದಿನ ಬೇಕು ಸಾರ್?"

"ಆರು ತಿಂಗಳಾದರೂ ಬೇಕಮ್ಮ."

ಸರೋಜಮ್ಮ ಮಗಳ ಪಕ್ಕ ನೆಲದ ಮೇಲೆ ಕೂತು, ಸೆರಗಿನಿಂದ ಅವಳ ಮುಖ ಒರೆಸಿದರು. ನೀಲಿ ಸೀಸೆಯನ್ನು ಇನ್ನೊಮ್ಮೆ ನೋಡಿದರು. ಆಮೇಲೆ ಚೀಲದಿಂದ ಫೋನು ತೆಗೆದು, ಅಲ್ಲಿಂದಲೇ ಮೈಸೂರಿಗೆ ಹಚ್ಚಿದರು.

"ನೋಡಿ, ನಮ್ ಹುಡುಗಿ ಕೆಲ್ಸ ನನ್ ಕೈಯಿಂದ ಕೆಟ್ಟೋಯ್ತು. ಅವಳು ಅದನ್ನ ಮುಗಿಸೋವರ್ಗೂ ಮದುವೆ ಮಾತು ಬೇಡ. ಕಾಯೋಕಾಗಲ್ಲ ಅಂದ್ರೆ ನೀವು ಬೇರೆ ಹೆಣ್ಣು ನೋಡ್ಕೊಳ್ಳಿ."