ಕಬ್ಬಿಣದ ಪಕ್ಕದ ಹಿತ್ತಾಳೆ

ನಮ್ಮ ದೊಡ್ಡಪ್ಪ ನೀರು ಸರಬರಾಜು ಇಲಾಖೆಯಲ್ಲಿ ಮೂವತ್ತೊಂದು ವರ್ಷ ದುಡಿದವರು. ಏನು ಕೆಲಸ ಅಂತ ಯಾರಾದರೂ ಕೇಳಿದರೆ "ಕಳೆದುಹೋದದ್ದನ್ನ ಹುಡುಕೋದು" ಅನ್ನುತ್ತಿದ್ದರು. ಅದು ನಿಜವೇ. ರಸ್ತೆಗೆ ಹೊಸದಾಗಿ ಡಾಂಬರು ಬಿದ್ದಾಗಲೆಲ್ಲ ನೀರಿನ ಪೈಪಿನ ವಾಲ್ವುಗಳು ಅದರಡಿ ಹೂತುಹೋಗುತ್ತವೆ. ನೀರು ನಿಲ್ಲಿಸಬೇಕಾಗಿ ಬಂದ ದಿನ ಅವು ಎಲ್ಲಿವೆ ಅಂತ ಒಬ್ಬರಿಗೂ ಗೊತ್ತಿರುವುದಿಲ್ಲ. ಆಗ ದೊಡ್ಡಪ್ಪ ಮೆಟಲ್ ಡಿಟೆಕ್ಟರ್ ಹಿಡಿದು ಹೊರಡುತ್ತಿದ್ದರು. ಒಂದು ಉದ್ದ ಕೋಲು, ಅದರ ತುದಿಗೆ ಊಟದ ತಟ್ಟೆಯಷ್ಟಗಲದ ಕಾಯಿಲ್, ಕಿವಿಗೆ ಹೆಡ್‌ಫೋನ್. ಇಲಾಖೆಯವರೆಲ್ಲ ಆ ಕಾಯಿಲನ್ನು ತಟ್ಟೆ ಅಂತಲೇ ಕರೆಯುತ್ತಿದ್ದರು. ತಟ್ಟೆಯನ್ನು ನೆಲದ ಮೇಲೆ ಆಡಿಸುತ್ತಾ ಹೋದರೆ, ಕೆಳಗೆ ಲೋಹ ಇದ್ದ ಕಡೆ ಕುಂಯ್ ಅನ್ನುತ್ತದೆ. ದೊಡ್ಡಪ್ಪ ಅಲ್ಲಿ ಸೀಮೆಸುಣ್ಣದಿಂದ ಒಂದು ಸುತ್ತು ಬರೆದರೆ ಅಗೆಯುವವರು ಮರುಮಾತಿಲ್ಲದೆ ಅಗೆಯುತ್ತಿದ್ದರು. ಬೀದಿಯ ಮಕ್ಕಳು ಅವರಿಗೆ ಕುಂಯ್ ಮಾವ ಅಂತ ಹೆಸರಿಟ್ಟಿದ್ದವು. ಅವರಿಗೇನೋ ಅದು ಬಿರುದು ಕೊಟ್ಟ ಹಾಗೆ ಕೇಳಿಸುತ್ತಿತ್ತು.

"ಮಿಷನ್ನು ಸುಳ್ಳು ಹೇಳಲ್ಲ" ಅನ್ನುವುದು ಅವರ ನಿತ್ಯದ ಮಾತು.

ನಿವೃತ್ತಿಯಾದ ಮೇಲೆ ಸ್ವಂತಕ್ಕೇ ಒಂದು ಮಿಷನ್ನು ತಗೊಂಡರು. ಮೈದಾನದಲ್ಲಿ ಬಿದ್ದ ಬೀಗದ ಕೈ, ಹೊಳೆದಂಡೆಯ ಮರಳಲ್ಲಿ ಜಾರಿದ ಉಂಗುರ, ಇಂಥದ್ದನ್ನು ಹುಡುಕಿಕೊಟ್ಟು ಒಂದು ಲೋಟ ಚಹಾ ಕುಡಿದು ಬರುವುದರಲ್ಲಿ ಅವರಿಗೆ ಸುಖ. ಹೀಗಿರುವಾಗ ಮಿಷನ್ನಿಗೆ ಇನ್ನೊಂದು ತಟ್ಟೆ ಬೇಕು ಅನ್ನುವ ಆಸೆ ಹುಟ್ಟಿತು. ಈಗಿರುವುದಕ್ಕಿಂತ ದೊಡ್ಡದು, ಇನ್ನೂ ಆಳಕ್ಕೆ ಕೇಳಿಸಿಕೊಳ್ಳುವಂಥದ್ದು. ಕಣ್ಣಿನ ಪೊರೆ ತೆಗೆಸಿ ತಿಂಗಳೂ ಆಗಿರಲಿಲ್ಲವಾದ್ದರಿಂದ, ಡಬ್ಬಿಯ ಮೇಲಿನ ಸಣ್ಣಕ್ಷರ ಓದಿ ಹೇಳೋದಕ್ಕೆ ನನ್ನನ್ನು ಜೊತೆಗೆ ಕರೆದರು. ಶಾಲೆಗೆ ಅರ್ಧ ದಿನ ರಜೆ ಹಾಕಿ ಹೋದೆ.

ಅಂಗಡಿ ಒಂದು ಮಹಡಿ ಮೆಟ್ಟಿಲ ಕೆಳಗಿತ್ತು. ನಡೆಸುತ್ತಿದ್ದವಳು ಐವತ್ತರ ಆಸುಪಾಸಿನ ಹೆಂಗಸು. ಮೊದಲು ರೇಡಿಯೋ ರಿಪೇರಿ ಮಾಡುತ್ತಿದ್ದಳಂತೆ. ಮೇಜಿನ ತುಂಬ ಇನ್ನೂ ತಂತಿ, ಸ್ಕ್ರೂ, ಬೆಸುಗೆಯ ಕಲೆ. ಗೋಡೆಗೆ ತೂಗುಹಾಕಿದ್ದ ತಟ್ಟೆಗಳಲ್ಲಿ ಎಲ್ಲಕ್ಕಿಂತ ದೊಡ್ಡದರ ಕಡೆ ದೊಡ್ಡಪ್ಪ ಕೈ ತೋರಿಸಿದರು.

"ಇದು ಎಷ್ಟು ಆಳ ಹೋಗುತ್ತಮ್ಮಾ?"

"ಆಳ ಆಮೇಲೆ ನೋಡೋಣ ಯಜಮಾನರೇ. ಎಲ್ಲಿ ಹುಡುಕ್ತೀರಿ ಅದು ಹೇಳಿ ಮೊದಲು."

"ಎಲ್ಲಾ ಕಡೇನೂ. ಊರೊಳಗೆ, ಹೊಳೆ ಹತ್ರ…"

"ಹೊಳೆ ಹತ್ರ ಆದ್ರೆ ದೊಡ್ಡದು ಸರಿ. ಊರೊಳಗೆ ಆದ್ರೆ ಕಣ್ಣು ಮುಚ್ಚಿಕೊಂಡು ಚಿಕ್ಕದು ತಗೊಳ್ಳಿ."

ದೊಡ್ಡಪ್ಪ ನಕ್ಕುಬಿಟ್ಟರು. "ನಾನು ಮೂವತ್ತೊಂದು ವರ್ಷ ಇದನ್ನೇ ಮಾಡಿದೋನು ತಾಯಿ. ಮೀನಿಗೆ ಈಜು ಕಲಿಸ್ತೀಯಲ್ಲ."

ಆಕೆ ವಾದಕ್ಕೆ ಇಳಿಯಲಿಲ್ಲ. ಮೇಜಿನ ಮೇಲೆ ಎರಡು ಕಬ್ಬಿಣದ ಬೋಲ್ಟು ಇಟ್ಟು, ನಡುವೆ ನಲ್ಲಿಯದೊಂದು ಹಿತ್ತಾಳೆ ಬಳೆ ಇಟ್ಟಳು. ದೊಡ್ಡಪ್ಪನ ಮಿಷನ್ನನ್ನೇ ಇಸಿದುಕೊಂಡು, ಅದರ ಹಳೇ ತಟ್ಟೆಯನ್ನೇ ಮೇಲೆ ಆಡಿಸಿದಳು. ಮಿಷನ್ನು ಒಂದೇ ಸಮ ಗೊರಗೊರ ಅಂದಿತು. "ಇದು ಕಬ್ಬಿಣದ ಗಲಾಟೆ. ಈಗ ಕಬ್ಬಿಣ ಬೇಡ ಅಂತ ಬಟನ್ ಒತ್ತೋಣ." ಒತ್ತಿದಳು. ಮತ್ತೆ ಆಡಿಸಿದಳು. ಏನೂ ಕೇಳಲಿಲ್ಲ.

"ಹಿತ್ತಾಳೆ ಅಲ್ಲೇ ಇದೆಯಲ್ಲ" ಅಂದೆ ನಾನು.

"ಇದೆಯಮ್ಮ. ಆದ್ರೆ ಅಗಲ ತಟ್ಟೆ ಮೂರನ್ನೂ ಒಟ್ಟಿಗೆ ಬಾಚಿಕೊಳ್ಳುತ್ತೆ. ಕಬ್ಬಿಣ ಬೇಡ ಅಂದ್ರೆ ಅದರ ಜೊತೆ ಹಿತ್ತಾಳೇನೂ ಎತ್ತಿ ಎಸೆಯುತ್ತೆ. ಇನ್ನೂ ದೊಡ್ಡದು ಹಾಕಿದ್ರೆ ಇನ್ನೂ ಕಷ್ಟ." ಅಂಗೈಯಗಲದ ಒಂದು ತಟ್ಟೆ ಸಿಕ್ಕಿಸಿ ನಿಧಾನವಾಗಿ ಆಡಿಸಿದಳು. ಬಳೆಯ ಮೇಲೆ ಬಂದಾಗ ಕುಂಯ್ ಅಂತ ಚಿಕ್ಕದೊಂದು ಸದ್ದು ಬಂತು.

ದೊಡ್ಡಪ್ಪ "ಇನ್ನೊಂದ್ಸಲ ಮಾಡು" ಅಂದರು. ಮಾಡಿದಳು. ಆಮೇಲೆ ತಾವೇ ಹಳೇ ತಟ್ಟೆ ಹಾಕಿ ನೋಡಿದರು, ಚಿಕ್ಕದು ಹಾಕಿ ನೋಡಿದರು, ಮತ್ತೆ ಹಳೇದು. ಐದಾರು ಸಲ ಆಗಿರಬೇಕು. ಕೊನೆಗೆ ಅಲ್ಲಿದ್ದ ಸ್ಟೂಲಿನ ಮೇಲೆ ಕೂತುಬಿಟ್ಟರು. ಮುಖದಲ್ಲಿ ರಕ್ತವೇ ಇರಲಿಲ್ಲ.

"ದೊಡ್ಡಪ್ಪಾ, ತಲೆ ಸುತ್ತುತ್ತಾ? ಸಕ್ಕರೆ ಇಳೀತಾ?"

ಅವರು ತಲೆ ಅಲ್ಲಾಡಿಸಿ, "ಚಿಕ್ಕದೇ ಕೊಡಮ್ಮ" ಅಂದರು.

ವಾಪಸು ಬರುವಾಗ ಬಸ್ಸಿನಲ್ಲಿ ಕಿಟಕಿ ಕಡೆ ಮುಖ ಮಾಡಿಕೊಂಡೇ ಇದ್ದರು. ನಮ್ಮ ಸ್ಟಾಪು ಬಂದರೂ ಏಳಲಿಲ್ಲ. ಕೊನೇ ಸ್ಟಾಪಿನಲ್ಲಿ ಇಳಿದು, ಅಲ್ಲಿನ ಸಿಮೆಂಟು ಬೆಂಚಿನ ಮೇಲೆ ಕೂತು, ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಹೇಳಿದರು. ಹೇಳುವಾಗ ನನ್ನ ಮುಖ ನೋಡಲಿಲ್ಲ.

ಇಲಾಖೆಯಲ್ಲಿ ಅವರ ಕೈಕೆಳಗೆ ಒಬ್ಬ ಫಿಟ್ಟರ್ ಇದ್ದ. ಹಿಂದಿನ ಜೇಬಲ್ಲಿ ಸದಾ ನಟ್ಟು ಬಿಗಿಯುವ ಒಂದು ಪಾನಾ ಸಿಕ್ಕಿಸಿಕೊಂಡಿರುತ್ತಿದ್ದುದರಿಂದ ಎಲ್ಲರೂ ಅವನನ್ನು ಪಾನಾ ಅಂತಲೇ ಕರೆಯುತ್ತಿದ್ದರು. ಕೆಲಸದಲ್ಲಿ ಚೊಕ್ಕ, ಮಾತು ಕಡಿಮೆ. ದೊಡ್ಡಪ್ಪನನ್ನು ಬಾಯ್ತುಂಬ ಅಣ್ಣ ಅನ್ನುತ್ತಿದ್ದ. ಒಂದು ವರ್ಷ ಪ್ರಿಂಟಿಂಗ್ ಪ್ರೆಸ್ಸಿನ ಹಿಂದಿನ ಗಲ್ಲಿಗೆ ಅಂತ ಕೊಟ್ಟ ಆರು ಹಿತ್ತಾಳೆ ವಾಲ್ವುಗಳು ತಪಾಸಣೆಗೆ ಹೋದವರಿಗೆ ಸಿಗಲಿಲ್ಲ. ಮಾರಿಕೊಂಡಿದ್ದಾನೆ ಅನ್ನುವ ಗುಸುಗುಸು ಎದ್ದಿತು. ಪಾನಾ ಹೇಳಿದ: "ನಾನೇ ಕೂಡಿಸಿದ್ದೀನಿ ಸಾರ್. ಆಮೇಲೆ ಫುಟ್‌ಪಾತ್ ಹಾಕೋರು ಮುಚ್ಚಿಹಾಕಿದಾರೆ, ಗುರುತು ಸಿಗ್ತಿಲ್ಲ." ಇಂಜಿನಿಯರು ದೊಡ್ಡಪ್ಪನನ್ನು ಕರೆಸಿದರು.

ಆ ಗಲ್ಲಿಯ ಫುಟ್‌ಪಾತಿನುದ್ದಕ್ಕೂ ಕಬ್ಬಿಣದ ಕಟಕಟೆ. ಮಿಷನ್ನು ಇಟ್ಟಲ್ಲೆಲ್ಲ ಗೊರಗೊರ. ದೊಡ್ಡಪ್ಪ ಕಬ್ಬಿಣ ಬೇಡ ಅನ್ನುವ ಬಟನ್ ಒತ್ತಿ, ಈ ತುದಿಯಿಂದ ಆ ತುದಿಗೆ ಎರಡು ಸಲ ನಡೆದರು. ಏನೂ ಕೇಳಲಿಲ್ಲ. ಹತ್ತು ಹನ್ನೆರಡು ಜನ ಸೇರಿದ್ದರು. ಬಿಸಿಲು. "ಕೇಳಿಸ್ತಿಲ್ಲ ಸಾರ್" ಅಂದರು ದೊಡ್ಡಪ್ಪ.

"ಅಡ್ಡಗೋಡೆ ಮೇಲೆ ದೀಪ ಇಡಬೇಡಿ" ಅಂದರು ಇಂಜಿನಿಯರು. "ಇದೆಯೋ ಇಲ್ವೋ, ಒಂದೇ ಮಾತಲ್ಲಿ ಹೇಳಿ."

"ಇಲ್ಲ ಸಾರ್" ಅಂದರು ದೊಡ್ಡಪ್ಪ.

ಪಾನಾ ಹತ್ತಿರ ಬಂದು ಮೆಲ್ಲಗೆ, "ಅಣ್ಣಾ, ಇನ್ನೊಂದ್ಸಲ ನೋಡಣ್ಣ" ಅಂದ.

"ಮಿಷನ್ನು ಸುಳ್ಳು ಹೇಳಲ್ಲಪ್ಪಾ, ಮನುಷ್ಯರು ಹೇಳ್ತಾರೆ."

ಸುತ್ತ ನಿಂತವರು ಗೊಳ್ಳೆಂದು ನಕ್ಕರು. ದೊಡ್ಡಪ್ಪನೂ ನಕ್ಕರು. ಆರು ವಾರದಲ್ಲಿ ಪಾನಾ ಕೆಲಸ ಕಳೆದುಕೊಂಡ.

"ಆ ನಗು ಇದೆಯಲ್ಲ ಮಗಳೇ," ಅಂದರು ದೊಡ್ಡಪ್ಪ. ಆಮೇಲೆ ಡಬ್ಬಿಯನ್ನು ಕಂಕುಳಿಗೆ ಸೇರಿಸಿಕೊಂಡು ಎದ್ದರು.

ಮಾರನೇ ದಿನ ಬೆಳಿಗ್ಗೆ ನಾವಿಬ್ಬರೂ ಆ ಗಲ್ಲಿಗೆ ಹೋದೆವು. ಕಟಕಟೆಯ ಬುಡದಲ್ಲಿ, ಅದಕ್ಕೆ ಮೈ ತಾಗುವಷ್ಟು ಹತ್ತಿರದಲ್ಲಿ, ದೊಡ್ಡಪ್ಪ ಚಿಕ್ಕ ತಟ್ಟೆಯನ್ನು ಇಂಚಿಂಚಾಗಿ ಆಡಿಸಿದರು. ಮೂರನೇ ಕಂಬದ ಹತ್ತಿರ ಕುಂಯ್ ಅಂದಿತು. ಅದು ಕೇಳಿಸಿದಾಗ ಅವರಿಗೆ ಸಂತೋಷವಾಗಲಿಲ್ಲ. ಹಾವು ತುಳಿದವರ ಹಾಗೆ ಒಂದು ಹೆಜ್ಜೆ ಹಿಂದೆ ಸರಿದರು. ಅಲ್ಲಿನ ಸಡಿಲ ಬಿಲ್ಲೆಯೊಂದನ್ನು ಎಬ್ಬಿಸಿ, ಕರಣೆಯಿಂದ ಒಂದು ಗೇಣು ಕೆದಕಿದೆ ನಾನು. ಹಸಿರುಗಟ್ಟಿದ ವಾಲ್ವು ಕಂಡಿತು. ಜೋಡಣೆಗೆ ಸೆಣಬಿನ ನಾರು ಎಷ್ಟು ಒಪ್ಪವಾಗಿ ಸುತ್ತಿಕೊಂಡಿತ್ತೆಂದರೆ, ನೋಡಿದ ಕೂಡಲೇ "ಇದು ಅವನ ಕೈ" ಅಂದರು ದೊಡ್ಡಪ್ಪ. "ಹೀಗೆ ಇನ್ಯಾರೂ ಸುತ್ತುತ್ತಿರಲಿಲ್ಲ." ನಾಲ್ಕು ಸಿಕ್ಕಿದ ಮೇಲೆ, ಸಾಕು ನಡಿ ಅಂದರು.

ಸತ್ಯ ಗೊತ್ತಾದ ತಕ್ಷಣ ಅವರು ಪಾನಾನ ಮನೆಗೆ ಓಡಿದರು ಅಂತ ಹೇಳೋಕೆ ನನಗೂ ಆಸೆ. ಆದರೆ ಓಡಲಿಲ್ಲ. ಮೂರು ದಿನ ಮನೆಯಿಂದ ಹೊರಗೇ ಬರಲಿಲ್ಲ. ಒಂದು ದಿನ ಕಾಲುನೋವು, ಇನ್ನೊಂದು ದಿನ ಮೋಡ. ಪಾನಾ ಊರು ಬಿಟ್ಟಿರಬಹುದು ಅಂದರು. ಅವನು ಎರಡು ಬೀದಿ ಆಚೆ ತಗಡಿನ ಶೆಡ್ಡಿನಲ್ಲಿ ಪಂಪು ರಿಪೇರಿ ಮಾಡಿಕೊಂಡಿದ್ದಾನೆ ಅನ್ನುವುದು ಇಡೀ ಬಡಾವಣೆಗೆ ಗೊತ್ತಿತ್ತು. ವಾಲ್ವು ಕಳ್ಳ ಅಂತ ಯಾರೂ ಅವನನ್ನು ಮನೆಯೊಳಗೆ ಬಿಟ್ಟುಕೊಳ್ಳುತ್ತಿರಲಿಲ್ಲ. ಪಂಪನ್ನು ಬಿಚ್ಚಿಸಿ ಶೆಡ್ಡಿಗೇ ಕಳಿಸುತ್ತಿದ್ದರು. ನಮ್ಮ ಮನೆಯ ಪಂಪೂ ಒಂದು ಸಲ ಹಾಗೇ ಹೋಗಿತ್ತು.

ನಾಲ್ಕನೇ ದಿನ ದೊಡ್ಡಮ್ಮ ಚಪ್ಪಲಿ ತಂದು ಅವರ ಮುಂದಿಟ್ಟರು. "ನಾಲಿಗೆ ಹೋದಷ್ಟು ಸಲೀಸಾಗಿ ಕಾಲು ಹೋಗಲ್ಲ, ಅಲ್ವಾ? ಎದ್ದೇಳಿ."

ನಾವು ಹೋದಾಗ ಪಾನಾ ನೆಲದ ಮೇಲೆ ಕೂತು ಮೋಟರಿಗೆ ತಂತಿ ಸುತ್ತುತ್ತಿದ್ದ. ತಲೆಕೂದಲು ಪೂರ್ತಿ ಬೆಳ್ಳಗಾಗಿತ್ತು. ನಮ್ಮನ್ನು ನೋಡಿ, "ಬನ್ನಿ ಸಾರ್" ಅಂದ.

ಅಣ್ಣ ಅನ್ನಲಿಲ್ಲ. ದೊಡ್ಡಪ್ಪನ ಕಿವಿಗೆ ಅದು ತಾಗಿದ್ದನ್ನು ನಾನು ನೋಡಿದೆ. ಕೂರಲಿಲ್ಲ ಅವರು. ನಿಂತಲ್ಲೇ ಹೇಳಿದರು: "ವಾಲ್ವು ಸಿಕ್ತಪ್ಪ. ಅಲ್ಲೇ ಇದೆ. ನೀನು ಹೇಳಿದ ಜಾಗದಲ್ಲೇ."

"ಗೊತ್ತು ಸಾರ್. ಕೂಡಿಸಿದೋನು ನಾನೇ ಅಲ್ವಾ."

ದೊಡ್ಡಪ್ಪ ತಟ್ಟೆ, ಕಬ್ಬಿಣ, ಕಟಕಟೆ ಅಂತ ಏನೇನೋ ವಿವರಿಸಲು ಹೊರಟರು. ಅಂಗಡಿಯಾಕೆ ಬೋಲ್ಟು ಇಟ್ಟು ತೋರಿಸಿದ್ದನ್ನು ಕೈಯಲ್ಲಿ ತೋರಿಸಿದರು. ಪಾನಾ ಅಷ್ಟನ್ನೂ ಕೇಳಿಸಿಕೊಂಡ. ಆಮೇಲೆ ತಂತಿಯನ್ನು ಕೆಳಗಿಟ್ಟು, "ಒಂದು ಕೇಳ್ಲಾ ಸಾರ್?" ಅಂದ. "ಮಿಷನ್ನಿಗೆ ಕೇಳಿಸ್ಲಿಲ್ಲ, ಸರಿ. ಅವತ್ತು ನಿಮಗೆ ಅನುಮಾನ ಏನಾದ್ರೂ ಬಂದಿತ್ತಾ?"

ಬಂದಿರಲಿಲ್ಲ ಅಂದಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ತಪ್ಪೆಲ್ಲ ತಟ್ಟೆಯ ಮೇಲೆ ಹೋಗುತ್ತಿತ್ತು.

"ಬಂದಿತ್ತು" ಅಂದರು. "ಕಬ್ಬಿಣದ ಹತ್ರ ಸರಿಯಾಗಿ ಕೇಳಲ್ಲ ಅಂತ ಅನಿಸಿತ್ತು. ಅಷ್ಟು ಜನದ ಮುಂದೆ ಗೊತ್ತಾಗ್ತಿಲ್ಲ ಅನ್ನೋಕೆ ಬಾಯಿ ಬರಲಿಲ್ಲ."

ಪಾನಾ ಬೈಯಲಿಲ್ಲ. ಬೈದಿದ್ದರೆ ದೊಡ್ಡಪ್ಪನಿಗೆ ಹಗುರವಾಗುತ್ತಿತ್ತೇನೋ. ಮತ್ತೆ ತಂತಿ ಕೈಗೆತ್ತಿಕೊಂಡು ಸುತ್ತುವುದಕ್ಕೆ ಶುರುಮಾಡಿದ. ಬಾಗಿಲಲ್ಲಿ ನಿಂತಿದ್ದ ಅವನ ಹೆಂಡತಿಯೇ ಮಾತಾಡಿದ್ದು.

"ಇಲ್ಲಿ ನಮ್ಮ ಮುಂದೆ ಹೇಳಿ ಏನು ಬಂತು? ಎಲ್ಲಿ ಹೇಳಿದ್ರೋ ಅಲ್ಲಿ ಹೋಗಿ ಹೇಳಿ. ಈಗ ಹೇಳಿದ್ದು ಪೂರ್ತಿ ಹೇಳಿ. ಬರೆದು ಸಹಿ ಹಾಕಿ."

"ಆಗ್ಲಮ್ಮ" ಅಂದರು ದೊಡ್ಡಪ್ಪ.

ಇಲಾಖೆಗೆ ಅಷ್ಟರಲ್ಲಿ ಬೇರೆ ಇಂಜಿನಿಯರು ಬಂದಿದ್ದರು. "ಮುಗಿದುಹೋದ ಫೈಲು, ಯಾಕೆ ಕೆದಕ್ತೀರಿ? ನಿಮ್ಮ ಹೆಸರೇ ಕೆಡುತ್ತೆ" ಅಂದರು. ಒಳ್ಳೇ ಮಾತಲ್ಲೇ ಅಂದರು. ದೊಡ್ಡಪ್ಪ ಕಾಗದವನ್ನು ಮುಂದೆ ಸರಿಸಿದರು. ನಾನೇ ಬರೆದುಕೊಟ್ಟಿದ್ದೆ, ಅವರು ಹೇಳುತ್ತಾ ಹೋಗಿದ್ದರು. "ಅನುಮಾನವಿದ್ದರೂ ಇಲ್ಲವೆಂದು ಹೇಳಿದೆ" ಅನ್ನುವ ಸಾಲನ್ನು ನಾನು "ಸ್ಪಷ್ಟವಾಗಿ ಕೇಳಿಸದ ಕಾರಣ" ಅಂತ ಮೆದುವಾಗಿ ಬರೆದಿದ್ದೆ. ಓದಿಸಿ ಕೇಳಿ, ಅದನ್ನು ಹೊಡೆದುಹಾಕಿಸಿದ್ದರು. ಹಳೇ ಸಹೋದ್ಯೋಗಿಗಳು ಇಬ್ಬರು ಮೂವರು ಇನ್ನೂ ಅಲ್ಲಿದ್ದರು. ಅವರ ಮುಂದೆ ಬಾಯಿಬಿಟ್ಟು ಕೂಡ ಹೇಳಿದರು. ಅವತ್ತು ನಕ್ಕವರಲ್ಲಿ ಒಬ್ಬರು ಚಹಾ ತರಿಸುತ್ತೇನೆ ಅಂತ ಎದ್ದು ಹೋದವರು, ನಾವು ಹೊರಡುವವರೆಗೂ ವಾಪಸು ಬರಲಿಲ್ಲ.

ಗಲ್ಲಿ ಅಗೆದರು. ಆರೂ ಸಿಕ್ಕವು. ಐದು ತಿಂಗಳ ಮೇಲೆ ಪಾನಾನ ಕೈಗೆ ಇಲಾಖೆಯ ಪತ್ರ ಬಂತು: ಆರೋಪ ನಿರಾಧಾರ. ಕೆಲಸಕ್ಕೆ ವಾಪಸು ಕರೆದರೂ ಅವನು ಹೋಗಲಿಲ್ಲ. ದೊಡ್ಡಪ್ಪನಿಗೆ ಕ್ಷಮಿಸಿದ್ದೇನೆ ಅಂತಲೂ ಹೇಳಲಿಲ್ಲ, ಇಲ್ಲ ಅಂತಲೂ ಹೇಳಲಿಲ್ಲ.

ಪತ್ರ ಬಂದ ವಾರದ ಭಾನುವಾರ ಅವನ ಹೆಂಡತಿ ಅದರ ಜೆರಾಕ್ಸ್ ಪ್ರತಿಗಳನ್ನು ಚೀಲದಲ್ಲಿ ಹಾಕಿಕೊಂಡು ಮನೆಮನೆಗೂ ಹಂಚುತ್ತಾ ಬಂದಳು. ನಮ್ಮ ಬಾಗಿಲಿಗೂ ಬಂದಳು. ದೊಡ್ಡಮ್ಮ ಒಳಗೆ ಬಾ ಅಂದರು. "ಇನ್ನೂ ಹದಿನಾಲ್ಕು ಮನೆ ಇದೆ" ಅಂತ ಅಂಗಳದಲ್ಲೇ ನಿಂತಳು. ದೊಡ್ಡಪ್ಪ ಎರಡೂ ಕೈಯಲ್ಲಿ ಕಾಗದ ಇಸಿದುಕೊಂಡು, ಹೊಸ್ತಿಲಲ್ಲೇ ನಿಂತು ಮೊದಲಿಂದ ಕೊನೆವರೆಗೂ ಓದಿದರು. ತಲೆ ಎತ್ತದೆಯೇ, "ಉಳಿದದ್ದು ನನಗೆ ಕೊಡಮ್ಮ. ನಾನು ಕೊಟ್ಟು ಬರ್ತೀನಿ" ಅಂದರು.

ಆಕೆ ಚೀಲದಿಂದ ಏಳು ಪ್ರತಿ ಎಣಿಸಿ ಕೊಟ್ಟಳು. "ಎಡಗಡೆ ಸಾಲು ನಿಮ್ಮದು" ಅಂದು ಬಲಗಡೆಗೆ ತಿರುಗಿ ನಡೆದಳು. ದೊಡ್ಡಪ್ಪ ಚಪ್ಪಲಿ ಮೆಟ್ಟಿಕೊಂಡು ಹೋಗಿ ಎಡಗಡೆಯ ಮೊದಲ ಮನೆಯ ಬೆಲ್ ಒತ್ತಿದರು.