ಜಯನಗರದ ರಸ್ತೆಯಲ್ಲಿ ಕಂಡ ನೀರು

ಸಿದ್ದಾಪುರದ ಸ್ಟುಡಿಯೋದಲ್ಲಿ ನನ್ನ ಪಾಸ್‌ಪೋರ್ಟ್ ಫೋಟೋಗಾಗಿ ಕಾಯುತ್ತಿದ್ದೆ. ಗೋಡೆಯ ಮೇಲೆ ಜಯನಗರದ ಹೊಸ ರಸ್ತೆಯ ಚಿತ್ರವೊಂದಿತ್ತು. ನಡುಹಗಲಲ್ಲಿ ತೆಗೆದದ್ದು, ದೂರದಲ್ಲಿ ರಸ್ತೆಯ ತುಂಬ ನೀರು ನಿಂತಂತೆ ಕಾಣುತ್ತಿತ್ತು.

ಒಳಗೆ ಬಂದ ಮುದುಕಿಯೊಬ್ಬರು ಅದರ ಮುಂದೆ ನಿಂತುಬಿಟ್ಟರು. ಆ ರಸ್ತೆ ಹಾಕಿದ್ದು ತಮ್ಮೂರ ಕೆರೆ ಮುಚ್ಚಿ ಎಂದರು. ಕೆರೆಯ ತೂಬು ಕಾಯುತ್ತಿದ್ದ ಅವರ ಗಂಡ ಈಗ ಹಾಸಿಗೆ ಹಿಡಿದಿದ್ದರಂತೆ.

“ಕೆರೆಗೆ ನೀರು ಬಂತಾ ಅಂತ ದಿನಾ ಕೇಳ್ತಾರೆ. ಇದನ್ನ ಕೊಡಪ್ಪ, ತೋರಿಸ್ತೀನಿ.”

“ಅಮ್ಮಾ, ಅದು ನೀರಲ್ಲ, ಬಿಸಿಲ್ಗುದುರೆ,” ಎಂದ ಸ್ಟುಡಿಯೋದವನು, ಮೆಲ್ಲಗೆ.

“ನನಗೆ ಗೊತ್ತು. ಅವರಿಗೆ ಗೊತ್ತಾಗೋದು ಬೇಡ.”

ಅವನು ಕುರ್ಚಿ ಹತ್ತಿ ಚಿತ್ರವನ್ನು ಇಳಿಸಿದ. ಗಾಜಿನ ಧೂಳು ಒರೆಸಿ ಅವರ ಕೈಗಿಟ್ಟ.